ಕಡಲಿಂದ ಘಟ್ಟಕ್ಕೆ: ಓಪನ್ ವರ್ಲ್ಡ್ ಆರ್‌ಪಿಜಿಯ ಮ್ಯಾಪ್ ಮತ್ತು ಕಷ್ಟ ಜೋಡಿಸುವ ಬಗೆ

ಓಪನ್ ವರ್ಲ್ಡ್ ಆರ್‌ಪಿಜಿ, ಅಂದರೆ ಆಟಗಾರ ಒಂದು ಪಾತ್ರವಾಗಿ ದೊಡ್ಡ ಲೋಕದಲ್ಲಿ ಮನಬಂದತ್ತ ತಿರುಗಿ ಬಲ ಬೆಳೆಸಿಕೊಳ್ಳುವ ವೀಡಿಯೊ ಗೇಮ್, ಮಾಡಲು ಹೊರಟ ಸಣ್ಣ ತಂಡಗಳಲ್ಲಿ ಸಾಮಾನ್ಯವಾಗಿ ಒಬ್ಬರು ಮ್ಯಾಪ್ ಬಿಡಿಸುತ್ತಾರೆ, ಇನ್ನೊಬ್ಬರು ಸ್ಪ್ರೆಡ್‌ಶೀಟ್‌ನಲ್ಲಿ ಶತ್ರುಗಳ ಹೆಲ್ತ್ (ಜೀವಬಲ), ಡ್ಯಾಮೇಜ್ (ಏಟಿನ ಬಲ) ತುಂಬಿಸುತ್ತಾರೆ. ಆರು ತಿಂಗಳ ನಂತರ ಎರಡನ್ನೂ ಜೋಡಿಸಿದಾಗ ಗೇಮ್ ಹದ ತಪ್ಪಿರುತ್ತದೆ. ಎಲ್ಲಿಗೆ ಹೋದರೂ ಒಂದೇ ಥರದ ಹೊಡೆದಾಟ, ಇಲ್ಲವೇ ತಿರುಗಿದಲ್ಲೆಲ್ಲ ಯಾಕೆಂದು ಗೊತ್ತಾಗದ ಸಾವು. ಇದನ್ನು ತಪ್ಪಿಸಬೇಕಾದರೆ ಕಷ್ಟವನ್ನು ಮೊದಲು ನೆಲದ ಮೇಲೆ ಹಂಚಬೇಕು, ಅಂಕಿಗಳು ಆಮೇಲೆ. ಆಟಗಾರ ಒಂದು ಗುಡ್ಡದ ತುದಿಯಲ್ಲಿ ನಿಂತು ನೋಡಿದಾಗ "ಆ ಕಡೆ ಈಗಲೇ ಹೋದರೆ ಪೆಟ್ಟು ತಿನ್ನುತ್ತೇನೆ" ಎಂದು ಅವನಿಗೇ ಅನಿಸಬೇಕು. ಅನಿಸಿಯೂ ಹೋದರೆ ಅದು ಅವನ ಆಯ್ಕೆ.

ಮಂಗಳೂರು, ಉಡುಪಿ ಕಡೆಯವರು ಇದಕ್ಕೆ ಮಾದರಿ ಹುಡುಕುತ್ತಾ ಯುರೋಪಿನ ಕೋಟೆಗಳಿಗೆ ಹೋಗಬೇಕಿಲ್ಲ. ಪಡುವಿನಿಂದ ಮೂಡಕ್ಕೆ ನೋಡುತ್ತಾ ಬನ್ನಿ: ಕಡಲು, ಮರಳ ದಿಣ್ಣೆ, ಅಳಿವೆ, ತೆಂಗಿನ ತೋಟ, ಬೈಲು (ತಗ್ಗಿನ ಗದ್ದೆ ಬಯಲು), ಮುರಕಲ್ಲಿನ ಪದವು (ಗುಡ್ಡದ ಮೇಲಿನ ಸಪಾಟು ನೆಲ), ಗೇರು ಹಾಡಿ, ಕಾಡು, ಘಟ್ಟ. ನೆಲ ತಾನೇ ಮೆಟ್ಟಿಲು ಮೆಟ್ಟಿಲಾಗಿ ಕಠಿಣವಾಗುತ್ತಾ ಹೋಗುತ್ತದೆ. ಇಬ್ಬರು ಮೂವರ ತಂಡ ಗೋಡೋ 4ರಂಥ ಉಚಿತ ಗೇಮ್ ಎಂಜಿನ್‌ನಲ್ಲಿ, ಈ ಅಡ್ಡಕೊಯ್ತವನ್ನೇ ಇಟ್ಟುಕೊಂಡು ಆಡಿಸಿ ನೋಡಬಹುದಾದ ಒಂದು ಮ್ಯಾಪ್ ಕಟ್ಟುವ ಕ್ರಮ ಇಲ್ಲಿದೆ. ಯೂನಿಟಿ, ಅನ್‌ರಿಯಲ್ ಬಳಸುವವರಿಗೂ ಲೆಕ್ಕ ಇದೇ.

ಮೊದಲು ಅಳತೆ

ಮ್ಯಾಪ್ 1.2 ಕಿ.ಮೀ. ಉದ್ದ, 1.2 ಕಿ.ಮೀ. ಅಗಲ ಇರಲಿ. ಇಷ್ಟು ಚಿಕ್ಕದೇ ಎಂದು ಮೂಗು ಮುರಿಯುವ ಮೊದಲು ಈ ಲೆಕ್ಕ ನೋಡಿ. ಪಾತ್ರ ಸೆಕೆಂಡಿಗೆ 5 ಮೀಟರ್ ಓಡುತ್ತದೆ ಎಂದುಕೊಳ್ಳೋಣ. ಆಟಗಾರನಿಗೆ 35 ಸೆಕೆಂಡಿಗೊಮ್ಮೆಯಾದರೂ ನೋಡಲು, ಹೊಕ್ಕಲು, ಹೆಕ್ಕಲು ಏನಾದರೂ ಸಿಗಬೇಕು. ಅಂದರೆ ಜಾಗದಿಂದ ಜಾಗಕ್ಕೆ ಸುಮಾರು 180 ಮೀಟರ್ ಅಂತರ. ಒಟ್ಟು 1.44 ಚದರ ಕಿ.ಮೀ.ಯಲ್ಲಿ ಕಡಲು, ಹೊಳೆಗೆ ಕಾಲು ಪಾಲು ಕಳೆದರೆ ಉಳಿಯುವುದು 1.08. ಅದರಲ್ಲಿ 180 ಮೀಟರ್ ಅಂತರದ ಜಾಗಗಳು 33 ಹಿಡಿಯುತ್ತವೆ. ಮೂರು ಜನ ಕೈಯಾರೆ, ಚೆನ್ನಾಗಿ ಮಾಡಿ ಮುಗಿಸಬಹುದಾದ ಸಂಖ್ಯೆ ಇದು. ಮ್ಯಾಪನ್ನು 2 ಕಿ.ಮೀ. ಚೌಕ ಮಾಡಿದರೆ ಇದೇ ಲೆಕ್ಕಕ್ಕೆ ತೊಂಬತ್ತು ದಾಟುತ್ತದೆ. ಆಗ ಅರ್ಧ ಜಾಗಗಳಲ್ಲಿ ಅದೇ ಗುಡಿಸಲು, ಅದೇ ಪೆಟ್ಟಿಗೆ.

ಈ 33ರಲ್ಲಿ 4 ದೊಡ್ಡವು, 9 ಮಧ್ಯಮ, ಉಳಿದ 20 ಸಣ್ಣವು. ದೊಡ್ಡದೆಂದರೆ ದೂರದಿಂದ ಕಾಣುವಂಥದ್ದು, ಒಳಹೊಕ್ಕರೆ ಹತ್ತು ಹದಿನೈದು ನಿಮಿಷ ಹಿಡಿಯುವಂಥದ್ದು. ಸಣ್ಣದೆಂದರೆ ಬಾವಿಯೊಂದು, ಮುರಕಲ್ಲು ತೆಗೆದ ಹೊಂಡವೊಂದು, ದಡಕ್ಕೆ ಮಗುಚಿದ ದೋಣಿಯೊಂದು.

ನೆಲದ ಏರಿಳಿತಕ್ಕೆ ಬಾಹ್ಯಾಕಾಶ ನೌಕೆಯಿಂದ ಅಳೆದ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶ ಉಚಿತವಾಗಿ ಸಿಗುತ್ತದೆ, ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆಯಬಹುದು. ಆದರೆ ಅದರ ಬಿಂದುಗಳ ಅಂತರ 30 ಮೀಟರ್. ಹಾಗೇ ತಂದರೆ ನಿಮ್ಮ ಇಡೀ ಮ್ಯಾಪಿಗೆ ಸಿಗುವುದು 40ಕ್ಕೆ 40 ಬಿಂದು, ಬೆಣ್ಣೆ ಸವರಿದಂಥ ನೆಲ. ಅದನ್ನು ಆಕಾರ ಅರಿಯಲು ಮಾತ್ರ ಬಳಸಿ, ಎತ್ತರವನ್ನು ಕೈಯಲ್ಲೇ ತಿದ್ದಿ. ಮಂಗಳೂರಿನಿಂದ ಚಾರ್ಮಾಡಿ ಬುಡಕ್ಕೆ ರಸ್ತೆಯಲ್ಲಿ 70 ಕಿ.ಮೀ. ಮೇಲಾಗುತ್ತದೆ. ಆ ಉದ್ದವನ್ನು ಅರುವತ್ತು ಪಾಲು ಕುಗ್ಗಿಸಿದರೂ ಎತ್ತರವನ್ನು ಎಂಟು ಒಂಬತ್ತು ಪಾಲಿಗಿಂತ ಹೆಚ್ಚು ಕುಗ್ಗಿಸಬೇಡಿ, ಇಲ್ಲವಾದರೆ ಘಟ್ಟ ಹೋಗಿ ದಿಬ್ಬವಾಗುತ್ತದೆ. ಮೂಡು ತುದಿಯ 280 ಮೀಟರ್‌ನಲ್ಲಿ 110 ಮೀಟರ್ ಏರಿಸಿ. ಸರಾಸರಿ ಇಳಿಜಾರು 21 ಡಿಗ್ರಿ ಬರುತ್ತದೆ. ಗೋಡೋದ ಪಾತ್ರ ಡೀಫಾಲ್ಟ್ ಆಗಿ 45 ಡಿಗ್ರಿವರೆಗೆ ನಡೆಯಬಲ್ಲದು, ಹಾಗಾಗಿ ಅಲ್ಲಲ್ಲಿ 50 ಡಿಗ್ರಿಯ ಬಂಡೆ ಇಟ್ಟರೆ ಬೇಲಿ ಹಾಕದೆಯೇ ದಾರಿ ತಿರುಗಿಸಬಹುದು.

ಇಲ್ಲಿ ಹೆಚ್ಚಿನವರು ಎಡವುವುದು ಹೈಟ್‌ಮ್ಯಾಪ್, ಅಂದರೆ ನೆಲದ ಎತ್ತರ ಹಿಡಿದಿಡುವ ಚಿತ್ರ, ಉಳಿಸುವಾಗ. 8 ಬಿಟ್ ಚಿತ್ರವಾಗಿ ಉಳಿಸಿದರೆ 110 ಮೀಟರ್ ಎತ್ತರ 256 ಹಂತಗಳಲ್ಲಿ ಹಂಚಿ ಹೋಗುತ್ತದೆ, ಒಂದೊಂದು ಹಂತ 43 ಸೆಂ.ಮೀ. ಸಪಾಟಾಗಿರಬೇಕಾದ ಬೈಲಿನಲ್ಲಿ ಮೆಟ್ಟಿಲುಗಳು ಏಳುತ್ತವೆ, ಪಾತ್ರದ ಕಾಲು ನಡುಗುತ್ತದೆ, ಎಲ್ಲರೂ ಫಿಸಿಕ್ಸ್ ಕೋಡ್ ಜಾಲಾಡುತ್ತಾರೆ. 16 ಬಿಟ್‌ನಲ್ಲಿ ಉಳಿಸಿ. ಹಂತ 2 ಮಿ.ಮೀ.ಗೂ ಕಡಿಮೆಯಾಗುತ್ತದೆ, ನಡುಕ ಮಾಯ.

ನಾಲ್ಕು ಪಟ್ಟಿ

ಪಡು ತುದಿಯಿಂದ ಲೆಕ್ಕ: ಕಡಲು 150 ಮೀಟರ್, ಮರಳ ದಿಣ್ಣೆ 100, ಹೊಳೆ 130, ತೋಟ ಮತ್ತು ಬೈಲು 320, ಪದವು 220, ಕಾಡು ಮತ್ತು ಘಟ್ಟ 280. ಮೊದಲ ಮೂರನ್ನು ಒಂದಾಗಿ ಹಿಡಿದರೆ ಹೆಸರಿಗೆ ಅಳಿವೆ, ಬೈಲು, ಪದವು, ಘಟ್ಟ ಎಂಬ ನಾಲ್ಕು ಪಟ್ಟಿ.

ಆಟ ಶುರುವಾಗುವುದು ದಿಣ್ಣೆಯ ಮೇಲೆ. ನೇತ್ರಾವತಿ, ಗುರುಪುರ ಹೊಳೆಗಳು ಕಡಲು ಸೇರುವಲ್ಲಿ ಬೆಂಗ್ರೆ, ಸುವರ್ಣೆ ಸೇರುವಲ್ಲಿ ಕೋಡಿ ಬೆಂಗ್ರೆ ಹೇಗಿವೆ ನೋಡಿ: ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ, ನಡುವೆ ಕಿರಿದಾದ ನೆಲ. ಕಲಿಸುವ ಜಾಗಕ್ಕೆ ಇದಕ್ಕಿಂತ ಒಳ್ಳೆಯ ಆಕಾರ ಸಿಗದು. ಕಾಣದ ಗೋಡೆ ಇಲ್ಲದೆಯೇ ಆಟಗಾರ ಅಲ್ಲೇ ಉಳಿಯುತ್ತಾನೆ, ಆದರೂ ಹೊಳೆಯಾಚೆಯ ಲೋಕ ಅವನ ಕಣ್ಣೆದುರಿಗೇ ಇರುತ್ತದೆ. 2017ರ ಜೆಲ್ಡಾ ಆಟ, ಅಂದರೆ ಬ್ರೆತ್ ಆಫ್ ದ ವೈಲ್ಡ್, ಮಾಡಿದ್ದೂ ಇದನ್ನೇ. ಶುರುವಿನ ಗ್ರೇಟ್ ಪ್ಲಾಟೋ ಸುತ್ತ ಪ್ರಪಾತವಿರುವ ಎತ್ತರದ ನೆಲ. ಅಲ್ಲಿನ ನಾಲ್ಕು ಶ್ರೈನ್ (ಒಗಟಿನ ಗುಡಿ) ಮುಗಿಸಿದ ಮೇಲೆ ಕೈಗೆ ಪ್ಯಾರಾಗ್ಲೈಡರ್ ಬರುತ್ತದೆ, ಆಮೇಲೆ ಎಲ್ಲಿಗಾದರೂ ಹೋಗಬಹುದು. ನಮ್ಮ ಮ್ಯಾಪಿನಲ್ಲಿ ಪ್ಯಾರಾಗ್ಲೈಡರಿನ ಜಾಗಕ್ಕೆ ದೋಣಿ. ದೋಣಿ ಸರಿಪಡಿಸಲು ಮೂರು ವಸ್ತು ಬೇಕು, ಒಂದೊಂದು ಹುಡುಕುವಾಗ ಒಂದೊಂದು ಕೆಲಸ ಕಲಿಯುತ್ತಾನೆ: ಹತ್ತುವುದು, ಅಡಗುವುದು, ಹೊಡೆಯುವುದು. ಇಡೀ ದಿಣ್ಣೆ 20 ನಿಮಿಷಕ್ಕೆ ಮುಗಿಯಬೇಕು. ಅದಕ್ಕಿಂತ ಎಳೆದರೆ ಎರಡನೇ ಸಲ ಆಡುವವರು ಬೈಯುತ್ತಾರೆ.

ಪಟ್ಟಿ ಬದಲಾದದ್ದು ನೆಲ ನೋಡಿದರೇ ತಿಳಿಯಬೇಕು. ಮರಳು, ಕೆಸರು ಗದ್ದೆ, ಕೆಂಪು ಮುರಕಲ್ಲು, ಘಟ್ಟದ ಕಪ್ಪು ಬಂಡೆ, ಇವು ಬಣ್ಣದಲ್ಲೇ ಬೇರೆ. ಆದರೆ ಬಣ್ಣವೊಂದನ್ನೇ ನಂಬಬೇಡಿ. ಸ್ಕ್ರೀನ್‌ಶಾಟ್ ತೆಗೆದು ಕಪ್ಪು ಬಿಳುಪು ಮಾಡಿ ನೋಡಿ. ಕೆಸರಿನ ಹಸಿರು ಮತ್ತು ಮುರಕಲ್ಲಿನ ಕೆಂಪು ಒಂದೇ ಬೂದಿಯಾಗಿ ಬಿಟ್ಟರೆ ಕೆಂಪು ಹಸಿರು ಗುರುತಿಸಲಾಗದ ಆಟಗಾರನಿಗೂ ಗಡಿ ಕಾಣುವುದಿಲ್ಲ. ಪದವಿನ ನೆಲದ ಬಣ್ಣವನ್ನು ಒಂದಿಷ್ಟು ತಿಳಿಯಾಗಿಸಿ, ಅಲ್ಲಿ ಮರ ಕಡಿಮೆ ಮಾಡಿ, ಕಾಲ ಸದ್ದು ಬದಲಿಸಿ.

ಕಣ್ಣಿಗೆ ಬೀಳಬೇಕಾದದ್ದು

ಹೆಚ್ಚು ಹೊತ್ತು ಕೊಡಬೇಕಾದ ಕೆಲಸ ಇದು. ಹುಡುಕಾಟ ಹುಟ್ಟುವುದು ಏನೋ ಅರ್ಧ ಕಂಡಾಗ. ಜೆಲ್ಡಾ ತಂಡ 2017ರಲ್ಲಿ ಜಪಾನಿನ ಗೇಮ್ ತಯಾರಕರ ಸೀಡೆಕ್ ಸಮ್ಮೇಳನದಲ್ಲಿ ತ್ರಿಕೋನದ ಉಪಾಯವನ್ನು ವಿವರಿಸಿತ್ತು. ಗುಡ್ಡ, ಬಂಡೆ, ಕಟ್ಟಡ ಎಲ್ಲಕ್ಕೂ ತ್ರಿಕೋನದ ಮೈ ಕೊಟ್ಟರೆ ಹಿಂದಿರುವುದು ಮರೆಯಾಗುತ್ತದೆ, ಹತ್ತಬೇಕೇ ಸುತ್ತಬೇಕೇ ಎಂಬ ಆಯ್ಕೆಯೂ ಎದುರಾಗುತ್ತದೆ. ನಡೆಯುತ್ತಾ ಹೋದಂತೆ ಹಿಂದಿನದ್ದು ಸ್ವಲ್ಪ ಸ್ವಲ್ಪವೇ ತೆರೆದುಕೊಳ್ಳುತ್ತದೆ. ಬೆಳ್ತಂಗಡಿ ಕಡೆಯಿಂದ ಗಡಾಯಿಕಲ್ಲು ನೋಡಿದವರಿಗೆ ಇದರ ಬಲ ಗೊತ್ತು. ಒಂಟಿ ಬಂಡೆಯೊಂದು ಊರಿಗೆಲ್ಲ ದಿಕ್ಕು ತೋರಿಸುತ್ತಾ ನಿಂತಿರುತ್ತದೆ.

ದೂರದ ಗುರುತು ಪರದೆ ಮೇಲೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಊಹಿಸಬೇಡಿ, ಲೆಕ್ಕ ಹಾಕಿ. 1080 ಪಿಕ್ಸೆಲ್ ಎತ್ತರದ ಪರದೆ, ಕ್ಯಾಮೆರಾದ ಲಂಬ ದೃಷ್ಟಿಕೋನ (ಮೇಲಿಂದ ಕೆಳಕ್ಕೆ ಕಾಣುವ ಕೋನ) 60 ಡಿಗ್ರಿ ಇದ್ದರೆ, ವಸ್ತುವಿನ ಎತ್ತರವನ್ನು ದೂರದಿಂದ ಭಾಗಿಸಿ 935ರಿಂದ ಗುಣಿಸಿ. 24 ಮೀಟರ್ ಎತ್ತರದ ದೀಪಸ್ತಂಭ 600 ಮೀಟರ್ ದೂರದಿಂದ 37 ಪಿಕ್ಸೆಲ್ ಬರುತ್ತದೆ. ಗೋಡೋದ ಡೀಫಾಲ್ಟ್ ದೃಷ್ಟಿಕೋನ 75 ಡಿಗ್ರಿ. ಅದನ್ನು ಹಾಗೇ ಬಿಟ್ಟರೆ ಗುಣಿಸಬೇಕಾದದ್ದು 704, ಸ್ತಂಭ 28 ಪಿಕ್ಸೆಲಿಗೆ ಇಳಿಯುತ್ತದೆ. 30ಕ್ಕಿಂತ ಕೆಳಗೆ ಹೋದದ್ದು ಮರಗಳ ನಡುವೆ ಕಳೆದುಹೋಯಿತೆಂದೇ ತಿಳಿಯಿರಿ. ಕಾಪುವಿನ ದೀಪಸ್ತಂಭ ಬಂಡೆ ಏರಿ ನಿಂತಿರುವುದು ಸುಮ್ಮನಲ್ಲ. ನಿಮ್ಮದನ್ನೂ ಬಂಡೆ ಹತ್ತಿಸಿ. ಹತ್ತು ಮೀಟರ್ ಕಟ್ಟಡ ಉಳಿಯುತ್ತದೆ.

ಕರಾವಳಿಯ ಮ್ಯಾಪಿನಲ್ಲಿ ಇದಕ್ಕೆ ದೊಡ್ಡ ಶತ್ರು ತೋಟ. ತೆಂಗು, ಅದರಡಿ ಬಾಳೆ, ಬೇಲಿಗೆ ಗಿಡ, ಹೀಗೆ ತುಂಬಿದ ತೋಟ ಪರದೆ ಎಳೆದಂತೆ. ಕ್ಯಾಮೆರಾ ನೆಲದಿಂದ 2.5 ಮೀಟರ್ ಮೇಲಿದ್ದು, 40 ಮೀಟರ್ ಮುಂದೆ 12 ಮೀಟರ್ ಎತ್ತರದ ತೋಟದ ಅಂಚಿದ್ದರೆ, ಅದರ ಮೇಲಿಂದ ಕಾಣಬೇಕಾದ ಗುರುತು 600 ಮೀಟರ್ ದೂರದಲ್ಲಿ 145 ಮೀಟರ್ ಎತ್ತರ ಇರಬೇಕು. ನಿಮ್ಮ ಘಟ್ಟವೇ ಅಷ್ಟಿಲ್ಲ. ಆದ್ದರಿಂದ ಎತ್ತರ ಹೆಚ್ಚಿಸುತ್ತಾ ಕೂರುವ ಬದಲು ಕಿಟಕಿ ತೆರೆಯಿರಿ. ಆ ಕಿಟಕಿಯೇ ಬೈಲು. ಊರಿನ ಬೈಲುಗಳು ಎರಡು ಗುಡ್ಡಗಳ ನಡುವೆ ಉದ್ದಕ್ಕೆ ಚಾಚಿರುತ್ತವೆ. ಅದೇ ಆಕಾರ ತೆಗೆದುಕೊಂಡು 80 ಮೀಟರ್ ಅಗಲದ ಗದ್ದೆ ಸಾಲನ್ನು ಅದರ ತುದಿ ಒಂದು ದೊಡ್ಡ ಗುರುತಿಗೆ ನೇರವಾಗಿರುವಂತೆ ತಿರುಗಿಸಿ. ತೋಟದ ಕತ್ತಲಿಂದ ಬೈಲಿನ ಬೆಳಕಿಗೆ ಕಾಲಿಟ್ಟ ಕ್ಷಣಕ್ಕೆ ಆ ಗುರುತು ಎದುರಿಗಿರಬೇಕು. ಮ್ಯಾಪಿನಲ್ಲಿ ಇಂಥ ಮೂರು ಕಿಟಕಿ ಸಾಕು, ಮೂರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತಿರಲಿ. ನೋಟ ಹೇಗೆ ತೆರೆಯುತ್ತದೆಂದು ಕಣ್ಣಾರೆ ಕಾಣಬೇಕಿದ್ದರೆ ಮಣಿಪಾಲದ ಎಂಡ್ ಪಾಯಿಂಟಿಗೆ ಹೋಗಿ, ಕೆಳಗೆ ಸುವರ್ಣೆ ತಿರುವು ಹಾಕುವುದನ್ನು ನೋಡಿ, ಒಂದು ಫೋಟೋ ತೆಗೆದು ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ ಹೋಯಿತು ಎಂದು ಗುರುತು ಹಾಕಿಕೊಳ್ಳಿ.

ಇನ್ನೊಂದು ಮಾತು. ಬೈಲಿನ ನಡುವೆ ಕಡಿಯದೆ ಬಿಟ್ಟ ದಟ್ಟ ಮರಗಳ ಗುಂಪು, ನಾಗಬನ, ದೂರದಿಂದಲೇ ಎದ್ದು ಕಾಣುತ್ತದೆ. ಅದನ್ನು ಡಂಜನ್ (ಶತ್ರುಗಳು ತುಂಬಿದ ತಾಣ) ಮಾಡುವ ಆಸೆ ಬರಬಹುದು, ಮಾಡಬೇಡಿ. ಜನರ ನಂಬಿಕೆಯ ಮಾತು ಒಂದು ಕಡೆ. ವಿನ್ಯಾಸದ ಲೆಕ್ಕದಲ್ಲೂ ಅದು ನಷ್ಟ. ಊರವರು ಅಲ್ಲಿ ಕತ್ತಿ ಎತ್ತುವುದಿಲ್ಲ, ಆದ್ದರಿಂದ ಅದನ್ನು ಹೊಡೆದಾಟವಿಲ್ಲದ ಜಾಗ ಮಾಡಿ. ಸುತ್ತ 25 ಮೀಟರ್‌ನಲ್ಲಿ ಶತ್ರು ಹೆಜ್ಜೆ ಇಡಬಾರದು. ಇಂಥವು ಮತ್ತು ಅಶ್ವತ್ಥಕಟ್ಟೆಗಳು ಸೇರಿ ಏಳೆಂಟು ಇರಲಿ, ಅವೇ ಆಟ ಉಳಿಸುವ (ಸೇವ್ ಮಾಡುವ) ತಾಣಗಳು. ಈ ಊರಿನ ಆಟಗಾರನಿಗೆ ಇದನ್ನು ಟ್ಯುಟೋರಿಯಲ್ ಹಾಕಿ ಹೇಳಿಕೊಡಬೇಕಿಲ್ಲ.

ಕಷ್ಟದ ಲೆಕ್ಕ

ಈಗ ಸ್ಪ್ರೆಡ್‌ಶೀಟ್ ತೆರೆಯಿರಿ. ಶುರುವಿನಲ್ಲಿ ಆಟಗಾರನ ಹೆಲ್ತ್ 100, ಅವನ ಒಂದು ಏಟಿಗೆ ಶತ್ರು ಕಳೆದುಕೊಳ್ಳುವ ಹೆಲ್ತ್ 10. ಪ್ರತಿ ಪಟ್ಟಿಗೆ ಒಂದು ಮಾಮೂಲಿ ಶತ್ರುವಿನ ಅಂಕಿ:

ಅಳಿವೆ: ಹೆಲ್ತ್ 30, ಏಟು 12
ಬೈಲು: ಹೆಲ್ತ್ 60, ಏಟು 20
ಪದವು: ಹೆಲ್ತ್ 110, ಏಟು 34
ಘಟ್ಟ: ಹೆಲ್ತ್ 180, ಏಟು 51

ಆಯಾ ಪಟ್ಟಿಗೆ ತಯಾರಾಗಿ ಬಂದ ಆಟಗಾರನ ಏಟು ಕ್ರಮವಾಗಿ 10, 18, 30, 45. ಹೆಲ್ತ್ 100, 130, 170, 220. ಹೀಗಿಟ್ಟರೆ ತಯಾರಾದವನು ಎಲ್ಲ ಪಟ್ಟಿಯಲ್ಲೂ ಮೂರು ನಾಲ್ಕು ಏಟಿಗೆ ಶತ್ರುವನ್ನು ಬೀಳಿಸುತ್ತಾನೆ. ತಾನು ಬೀಳುವುದು ಅಳಿವೆಯಲ್ಲಿ ಒಂಬತ್ತು ಪೆಟ್ಟಿಗೆ, ಬೈಲಲ್ಲಿ ಏಳು, ಮೇಲಿನೆರಡರಲ್ಲಿ ಐದು. ಒಂದು ಪಟ್ಟಿ ಮುಂದೆ ನುಗ್ಗಿದವನು ಆರೇಳು ಏಟು ಹೊಡೆಯಬೇಕು, ನಾಲ್ಕೈದು ಪೆಟ್ಟಿಗೆ ಸಾಯುತ್ತಾನೆ. ಎರಡು ಪಟ್ಟಿ ಮುಂದೆ ಹೋದವನಿಗೆ ಹತ್ತು ಹನ್ನೊಂದು ಏಟು ಬೇಕು, ಮೂರು ಪೆಟ್ಟಿಗೆ ಅವನ ಕಥೆ ಮುಗಿಯುತ್ತದೆ. ದಿಣ್ಣೆಯಿಂದ ನೇರ ಘಟ್ಟಕ್ಕೆ ಓಡಿದವನು 18 ಏಟು ಹೊಡೆಯಬೇಕು, ಎರಡೇ ಪೆಟ್ಟಿಗೆ ಸಾಯುತ್ತಾನೆ.

ಗಮನಿಸಿ, ಅದೂ ಅಸಾಧ್ಯವಲ್ಲ. ಕೈ ಪಳಗಿದವನು ಮಾಡಿಯೇ ಮಾಡುತ್ತಾನೆ, ಮಾಡಿ ವೀಡಿಯೊ ಹಾಕುತ್ತಾನೆ. ಮೊದಲಿಂದ ಕೊನೆಗೆ ಆಟಗಾರನ ಏಟು ನಾಲ್ಕೂವರೆ ಪಟ್ಟು ಮಾತ್ರ ಬೆಳೆದಿದೆ ಎಂಬುದರಲ್ಲೇ ಗುಟ್ಟು ಇರುವುದು. ಹಲವು ತಂಡಗಳು ಪ್ರತಿ ಲೆವೆಲಿಗೆ ಶೇ. 15 ಏರಿಸುತ್ತಾ 30 ಲೆವೆಲ್ ಇಡುತ್ತವೆ. ಕೊನೆಯಲ್ಲಿ ಅದು ಐವತ್ತು ಪಟ್ಟು ದಾಟುತ್ತದೆ. ಆಗ ಕೌಶಲಕ್ಕೆ ಬೆಲೆಯಿಲ್ಲ, ಮುಂದಿನ ಜಾಗಕ್ಕೆ ಬೀಗ ಜಡಿದಂತೆಯೇ. ಹಿಂದಿನ ಜಾಗದಲ್ಲಿ ಊದಿದರೆ ಶತ್ರು ಹಾರಿಹೋಗುತ್ತಾನೆ. ಓಪನ್ ವರ್ಲ್ಡ್ ಎಂಬ ಹೆಸರು ಮಾತ್ರ ಉಳಿಯುತ್ತದೆ.

ಇದಕ್ಕೆ ಪರಿಹಾರವೆಂದು ಎಲ್ಲವನ್ನೂ ಆಟಗಾರನ ಲೆವೆಲಿಗೆ ತಕ್ಕಂತೆ ಏರಿಸುವವರೂ ಇದ್ದಾರೆ. 2006ರ ಆಬ್ಲಿವಿಯನ್ ಆಟ ಹಾಗೆ ಮಾಡಿ ಪಾಠ ಕಲಿಸಿತು. ಲೆವೆಲ್ ಏರಿದ ಮೇಲೆ ದಾರಿಗಳ್ಳರೂ ದುಬಾರಿ ಗಾಜಿನ ಕವಚ ತೊಟ್ಟು ಚಿಲ್ಲರೆ ಕಾಸಿಗೆ ಅಡ್ಡಗಟ್ಟುತ್ತಿದ್ದರು. ಬಲವಾದರೂ ಬಲವಾದಂತೆ ಅನಿಸದ ಆಟ ಅದು. 2011ರ ಸ್ಕೈರಿಮ್ ಹಲವು ಜಾಗಗಳಿಗೆ ಕನಿಷ್ಠ ಲೆವೆಲ್ ಇಟ್ಟು, ಆಟಗಾರ ಮೊದಲ ಸಲ ಕಾಲಿಟ್ಟಾಗಿನ ಲೆಕ್ಕವನ್ನೇ ಉಳಿಸಿಕೊಂಡಿತು, ಎಷ್ಟೋ ವಾಸಿ. 33 ಜಾಗದ ಮ್ಯಾಪಿಗೆ ಇಂಥ ಸ್ಕೇಲಿಂಗ್ ಬೇಡವೇ ಬೇಡ ಎಂಬುದು ನಮ್ಮ ಸಲಹೆ. ಬೇಕೇಬೇಕೆಂದರೆ ಪ್ರತಿ ಪಟ್ಟಿಗೂ ಒಂದು ಕೆಳಮಿತಿ, ಒಂದು ಮೇಲ್ಮಿತಿ ಹಾಕಿ, ಅದರೊಳಗೆ ಮಾತ್ರ ಏರಿಳಿಯಲಿ.

ಕವಚದ ಲೆಕ್ಕದಲ್ಲಿ ಒಂದು ಗುಂಡಿಯಿದೆ. ಏಟಿನಿಂದ ರಕ್ಷಣೆಯನ್ನು ನೇರವಾಗಿ ಕಳೆದರೆ, 20ರ ಏಟಿಗೆ 18ರ ಕವಚವಿದ್ದಾಗ 2 ತಾಗುತ್ತದೆ. ಕವಚ ಇನ್ನೆರಡು ಏರಿದರೆ ಏನೂ ತಾಗುವುದಿಲ್ಲ, ಬೈಲಿನ ಶತ್ರು ಸೊಳ್ಳೆಗೆ ಸಮ. ಬದಲಿಗೆ ಏಟನ್ನು 100ರಿಂದ ಗುಣಿಸಿ, 100 ಕೂಡಿಸು ರಕ್ಷಣೆಯಿಂದ ಭಾಗಿಸಿ. ಕವಚ 25 ಇದ್ದರೆ ಶೇ. 80 ತಾಗುತ್ತದೆ, 100 ಇದ್ದರೆ ಶೇ. 50. ಸೊನ್ನೆಗೆ ಎಂದೂ ಇಳಿಯದು.

ಇನ್ನು ಗುಂಪು. ಇಬ್ಬರು ಶತ್ರುಗಳೆಂದರೆ ಎರಡು ಪಟ್ಟು ಕಷ್ಟ ಎಂದುಕೊಂಡೇ ಹೆಚ್ಚಿನ ಮ್ಯಾಪುಗಳು ಕೆಡುತ್ತವೆ. ಒಬ್ಬೊಬ್ಬರನ್ನೇ ಬೀಳಿಸುತ್ತಾ ಹೋಗುವಾಗ ಉಳಿದವರು ಹೊಡೆಯುತ್ತಲೇ ಇರುತ್ತಾರೆ. ಆದ್ದರಿಂದ ತಿನ್ನುವ ಪೆಟ್ಟು ಒಬ್ಬನಿಗೆ 1 ಎಂದಾದರೆ ಇಬ್ಬರಿಗೆ 3, ಮೂವರಿಗೆ 6, ನಾಲ್ವರಿಗೆ 10. ಬೈಲಿನ ನಾಲ್ವರು ಘಟ್ಟದ ಒಬ್ಬನಿಗಿಂತ ಭಾರಿ. ಒಂದು ಹೊತ್ತಿಗೆ ಇಬ್ಬರಿಗೆ ಮಾತ್ರ ಹೊಡೆಯುವ ಟೋಕನ್, ಅಂದರೆ ಅನುಮತಿ, ಕೊಡಿ, ಉಳಿದವರು ಸುತ್ತುತ್ತಾ ಬೆದರಿಸಲಿ. ನಾಲ್ವರ ಲೆಕ್ಕ 10ರಿಂದ 7ಕ್ಕೆ ಇಳಿಯುತ್ತದೆ, ನೋಡಲು ಮಾತ್ರ ಅಷ್ಟೇ ಭಯಂಕರ.

ಸುಲಭ, ಕಠಿಣ ಎಂಬ ಆಯ್ಕೆ ಇಡುವುದಿದ್ದರೆ ಶತ್ರುವಿನ ಹೆಲ್ತ್ ಮುಟ್ಟಬೇಡಿ, ಹೊಡೆದಾಟ ಉದ್ದವಾಗುತ್ತದೆ ಅಷ್ಟೇ. ಆಟಗಾರ ತಿನ್ನುವ ಪೆಟ್ಟನ್ನು 0.6, 1, 1.5ರಿಂದ ಗುಣಿಸಿ. ಶತ್ರು ಕೈ ಎತ್ತುವುದಕ್ಕೂ ಏಟು ತಾಗುವುದಕ್ಕೂ ನಡುವಿನ ಸಮಯ ಅಳಿವೆಯಲ್ಲಿ 0.7 ಸೆಕೆಂಡ್, ಪದವಿನಲ್ಲಿ 0.5. ಎಲ್ಲೂ 0.35ಕ್ಕಿಂತ ಕೆಳಗೆ ಬೇಡ. ಕಣ್ಣು ನೋಡಿ ಬೆರಳು ಒತ್ತಲು ಕಾಲು ಸೆಕೆಂಡ್ ಬೇಕು, ಟಿವಿ ಮತ್ತು ಕಂಟ್ರೋಲರಿನ ತಡ ಬೇರೆ.

ಓಡಿಹೋಗುವ ಹಕ್ಕು

ಅಂಕಿ ಎಷ್ಟೇ ನಯವಾಗಿದ್ದರೂ, ಮೊದಲೇ ಕಾಣದ ಶತ್ರು ಅನ್ಯಾಯ ಎನಿಸುತ್ತಾನೆ. ಅಪಾಯ ಕನಿಷ್ಠ 60 ಮೀಟರ್‌ನಿಂದ ಕಾಣಬೇಕು, ಅದು ಆಟಗಾರನನ್ನು ಗಮನಿಸುವುದು 18 ಮೀಟರ್‌ನಲ್ಲಿ. ನಡುವಿನ 42 ಮೀಟರ್ ಓಡಲು ಎಂಟು ಸೆಕೆಂಡ್ ಬೇಕು. ನಿರ್ಧಾರ ಮಾಡುವ ಹೊತ್ತು ಅದು. ಎಲ್ಡನ್ ರಿಂಗ್ 2022ರಲ್ಲಿ ಬಂದಾಗ ಹೊರಗೆ ಕಾಲಿಟ್ಟವರಿಗೆಲ್ಲ ಮೊದಲು ಎದುರಾದದ್ದು ಬಯಲಲ್ಲಿ ಗಸ್ತು ತಿರುಗುವ ಚಿನ್ನದ ಕವಚದ ಕುದುರೆ ಸವಾರ, ಟ್ರೀ ಸೆಂಟಿನೆಲ್. ಹೊಸಬನಿಗೆ ಸೋಲು ಖಚಿತ. ಆದರೆ ಅವನು ಬಯಲಿನ ನಡುವೆ, ಕಣ್ಣಿಗೆ ರಾಚುವಂತೆ ಇದ್ದಾನೆ, ಸುತ್ತಿ ಹೋಗಲು ಬೇಕಾದಷ್ಟು ಜಾಗವಿದೆ. ಈ ಆಟದಲ್ಲಿ ತಿರುಗಿ ಬರುವುದೂ ಒಂದು ದಾರಿ ಎಂದು ಐದೇ ನಿಮಿಷದಲ್ಲಿ ತಿಳಿಯುತ್ತದೆ.

ಫಾಲ್‌ಔಟ್: ನ್ಯೂ ವೇಗಸ್ (2010) ಇದನ್ನು ದಾರಿಗೇ ಹೆಣೆಯಿತು. ಆಟ ಶುರುವಾಗುವ ಗುಡ್‌ಸ್ಪ್ರಿಂಗ್ಸ್‌ನಿಂದ ವೇಗಸ್ ಬಡಗಿಗೆ ಹತ್ತಿರವೇ, ಆದರೆ ಆ ದಾರಿಯಲ್ಲಿ ಡೆತ್‌ಕ್ಲಾ, ಕಾಜಡೋರ್ ಎಂಬ ಭೀಕರ ಪ್ರಾಣಿಗಳು. ಹೆಚ್ಚಿನವರು ಪ್ರಿಮ್, ನಿಪ್ಟನ್, ನೊವ್ಯಾಕ್ ಸುತ್ತಿ ಬರುತ್ತಾರೆ, ಕಥೆ ಬೆಳೆಯುವುದೂ ಆ ಸುತ್ತಿನಲ್ಲೇ. ಅಡಗಿ ಅಡಗಿ ಬಡಗಿನಿಂದಲೇ ದಾಟಿದವನನ್ನು ಆಟ ತಡೆಯುವುದಿಲ್ಲ. ನಿಮ್ಮ ಮ್ಯಾಪಿನಲ್ಲೂ ದಿಣ್ಣೆಯಿಂದ ಪದವಿಗೆ ಹೀಗೆ ಒಂದು ಗಿಡ್ಡ ಅಪಾಯದ ದಾರಿ, ಒಂದು ಉದ್ದದ ಸುರಕ್ಷಿತ ದಾರಿ ಇರಲಿ. ಗಿಡ್ಡ ದಾರಿಯ ತುದಿಯಲ್ಲಿ ಪದವಿನ ಮಟ್ಟದ ಕತ್ತಿಯೊಂದನ್ನು ಇಡಿ. ಧೈರ್ಯಕ್ಕೆ ಸಂಬಳ ಬೇಕಲ್ಲ.

ಶತ್ರುವಿನ ಓಟ ಸೆಕೆಂಡಿಗೆ 4.5 ಮೀಟರ್, ಬೆನ್ನಟ್ಟುವ ಮಿತಿ ತನ್ನ ತಾಣದಿಂದ 40 ಮೀಟರ್. ಇದರಲ್ಲಿ ಕೆಡುವುದು ಹೀಗೆ: ಆಟಗಾರ 41ನೇ ಮೀಟರ್‌ನಲ್ಲಿ ನಿಂತು ಬಾಣ ಬಿಡುತ್ತಾನೆ, ಶತ್ರು ಬರುತ್ತಾನೆ, ಹೋಗುತ್ತಾನೆ, ಮತ್ತೆ ಬರುತ್ತಾನೆ, ಕೊನೆಗೆ ಸಾಯುತ್ತಾನೆ. ಮಿತಿ ದಾಟಿದ ಮೇಲೂ ಬಾಣ ತಾಗಿದರೆ ಶತ್ರು ಮರೆಗೆ ಸರಿಯಬೇಕು, ತಾಣಕ್ಕೆ ಮರಳಿ 5 ಸೆಕೆಂಡಿನಲ್ಲಿ ಹೆಲ್ತ್ ತುಂಬಿಕೊಳ್ಳಬೇಕು. ಸತ್ತ ಮೇಲೆ ಅದೇ ಹೊಡೆದಾಟಕ್ಕೆ ಮರಳಲು 40 ಸೆಕೆಂಡಿಗಿಂತ ಹೆಚ್ಚು ಓಡಿಸಬೇಡಿ, ಅಂದರೆ ಉಳಿಸುವ ತಾಣ 200 ಮೀಟರ್ ಒಳಗೆ.

ಮಳೆ

ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ದಾಟಿ ಮಳೆ ಸುರಿಯುವ ಊರಿನ ಮ್ಯಾಪಿನಲ್ಲಿ ಮಳೆ ಬರೀ ಅಲಂಕಾರವಾದರೆ ನಾಚಿಕೆ. ತೋಡು ತುಂಬಲಿ, ಸಂಕ (ಕಾಲುಸೇತುವೆ) ಮುಳುಗಲಿ, ಬೈಲಿನ ಅಡ್ಡದಾರಿ ಮುಚ್ಚಿ ಗುಡ್ಡದ ದಾರಿ ಹಿಡಿಯಬೇಕಾಗಲಿ. ಆದರೆ ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಮಳೆ ಬಂದರೆ ಬಂಡೆ ಜಾರುತ್ತಿತ್ತು, ಅದಕ್ಕೆ ನೇರ ಉಪಾಯವಿರಲಿಲ್ಲ, ಆಟಗಾರರು ಮಳೆ ನಿಲ್ಲುವವರೆಗೆ ಕೈಕಟ್ಟಿ ಕೂರುತ್ತಿದ್ದರು. 2023ರ ಟಿಯರ್ಸ್ ಆಫ್ ದ ಕಿಂಗ್‌ಡಮ್‌ನಲ್ಲಿ ಜಾರದಂತೆ ತಡೆಯುವ ಉಡುಪು, ಕಷಾಯ ಸೇರಿಸಬೇಕಾಯಿತು. ಮಳೆ ಒಂದನ್ನು ಕಸಿದರೆ ಇನ್ನೊಂದನ್ನು ಕೊಡಬೇಕು. ದಾರಿ ಮುಚ್ಚಿದಾಗ ಕಾಲ ಸದ್ದೂ ಮುಚ್ಚಲಿ, ಶತ್ರುವಿನ ಕಿವಿಯ ವ್ಯಾಪ್ತಿ ಅರ್ಧಕ್ಕೆ ಇಳಿಯಲಿ. ಆಟದ ದಿನ 20 ನಿಮಿಷವಿದ್ದರೆ ಮಳೆ 3 ನಿಮಿಷ. ಬರುವ 40 ಸೆಕೆಂಡ್ ಮೊದಲು ಪಡುವಣ ಬಾನು ಕಪ್ಪಾಗಬೇಕು, ಕಪ್ಪೆ ಕೂಗಬೇಕು.

ದಾರಿ ಹೇಳುವುದು, ಕೈಗೆ ಕೊಡುವುದು

ಮ್ಯಾಪ್ ತುಂಬ ಪ್ರಶ್ನಾರ್ಥಕ ಚಿಹ್ನೆ ಚೆಲ್ಲಬೇಡಿ. ವಿಚರ್ 3 (2015) ಎಷ್ಟೇ ಒಳ್ಳೆಯ ಆಟವಾದರೂ ಸ್ಕೆಲಿಗೆ ದ್ವೀಪಗಳ ಕಡಲ ತುಂಬ ತೇಲುವ ಕಳ್ಳಸಾಗಣೆ ಪೆಟ್ಟಿಗೆಗಳನ್ನು ಒಂದೊಂದಾಗಿ ಅಳಿಸಿದವರು ಅದನ್ನು ಪ್ರೀತಿಯಿಂದ ನೆನೆಯುವುದಿಲ್ಲ. ಚಿಹ್ನೆ ಕಂಡಕೂಡಲೇ ಕಣ್ಣು ಲೋಕ ಬಿಟ್ಟು ಮೂಲೆಯ ಮ್ಯಾಪಿಗೆ ಅಂಟಿಕೊಳ್ಳುತ್ತದೆ. ದಾರಿಯನ್ನು ಊರವರ ಬಾಯಲ್ಲಿ ಹೇಳಿಸಿ: "ಸಂಕ ದಾಟಿ ಮೂಡಕ್ಕೆ ಹೋಗಿ, ಕೆಂಪು ಹೊಂಡ ಸಿಕ್ಕಿದ ಮೇಲೆ ಬಡಗಿಗೆ ತಿರುಗಿ." ಒಂದು ಮಾತಿನಲ್ಲಿ ಎರಡೇ ಗುರುತು, ಮೂರನೆಯದು ನೆನಪಿರುವುದಿಲ್ಲ. ಜಾಗಗಳ ಹೆಸರಿಗೂ ಪಡು, ಮೂಡು, ತೆಂಕು, ಬಡಗು ಸೇರಿಸಿದರೆ ದಿಕ್ಸೂಚಿಯ ಕೆಲಸ ಅರ್ಧ ಮುಗಿಯಿತು. ಆಟಗಾರ ತಾನೇ ಚುಚ್ಚಬಹುದಾದ ಹತ್ತು ಪಿನ್ ಕೊಡಿ. ಮ್ಯಾಪ್ ತಿದ್ದುವಾಗ ಜಾಗ ಸರಿದರೆ ಮಾತಿನ ದಾರಿ ಸುಳ್ಳಾಗುತ್ತದೆ, ಆದ್ದರಿಂದ ಯಾವ ಸಾಲು ಯಾವ ಜಾಗವನ್ನು ನಂಬಿದೆ ಎಂಬ ಪಟ್ಟಿ ಇಟ್ಟುಕೊಳ್ಳಿ.

ಬಲ ಬೆಳೆಯುವುದು ಸಣ್ಣ ಜಾಗಗಳಲ್ಲಿ ಸಿಗುವ ಸಾಮಗ್ರಿಯಿಂದ. ಒಂದು ಪಟ್ಟಿ ಏರಲು 4 ತುಂಡು ಕಬ್ಬಿಣ ಬೇಕಾದರೆ 6 ಇಡಿ. ಮೂರನೇ ಒಂದು ಭಾಗ ತಪ್ಪಿದರೂ ಯಾರೂ ಸಿಕ್ಕಿಹಾಕಿಕೊಳ್ಳಬಾರದು. ಬ್ರೆತ್ ಆಫ್ ದ ವೈಲ್ಡ್‌ನಲ್ಲಿ ಅಲ್ಲಲ್ಲಿ ಅಡಗಿಸಿಟ್ಟ 900 ಕೊರೊಕ್ ಬೀಜಗಳಿದ್ದರೂ ಚೀಲ ಪೂರ್ತಿ ಹಿಗ್ಗಿಸಲು 441 ಸಾಕು. ಉಳಿದವು ಯಾವ ದಾರಿಯಲ್ಲಿ ಹೋದವನಿಗೂ ಏನಾದರೂ ಸಿಗಲಿ ಎಂದು ಇರುವಂಥವು.

ಆಡಿಸಿ ನೋಡುವುದು

ಮ್ಯಾಪ್ ಎಂದೂ ನೋಡದ ಆರು ಜನ ಬೇಕು. ಅವರಲ್ಲಿ ಇಬ್ಬರಾದರೂ ಇಂಥ ಆಟ ಆಡದವರಿರಲಿ. ತಲಾ 30 ನಿಮಿಷ ಆಡಿಸಿ. ಪಾತ್ರದ ಸ್ಥಾನವನ್ನು 2 ಸೆಕೆಂಡಿಗೊಮ್ಮೆ ಫೈಲಿಗೆ ಬರೆಸಿದರೆ ಒಬ್ಬರಿಗೆ 900 ಬಿಂದು. ಸತ್ತ ಜಾಗ, ಕೊಂದ ಶತ್ರು, ಆ ಹೊತ್ತಿನ ಹೆಲ್ತ್ ಬೇರೆ ಬರೆಸಿ. ಬಿಂದುಗಳನ್ನು ಮ್ಯಾಪಿನ ಚಿತ್ರದ ಮೇಲೆ ಹರಡಿ ನೋಡಿ. ಆಡುವಾಗ ಪಕ್ಕದಲ್ಲಿ ಕೂತು ಬಾಯಿ ಬಿಡಬಾರದು. "ಅಲ್ಲಿ ಎಡಕ್ಕೆ" ಎಂದ ಕೂಡಲೇ ಆ ಪರೀಕ್ಷೆ ಹಾಳು.

ದೋಣಿ ದಾಟಿದ ಮೇಲೆ ಆರರಲ್ಲಿ ಐವರು ಒಂದೇ ಕಡೆ ಹೋದರೆ ನಿಮ್ಮ ಓಪನ್ ವರ್ಲ್ಡ್ ಒಂದು ಓಣಿ. ಹೋಗದ ದಿಕ್ಕಿಗೆ ಬೈಲಿನ ಕಿಟಕಿ ತಿರುಗಿಸಿ. ಒಂದೇ ಜಾಗದಲ್ಲಿ ಮೂರು ನಾಲ್ಕು ಸಲ ಸತ್ತು ಬೇರೆ ಕಡೆ ಹೋದರೆ ಆ ಜಾಗ ಸರಿಯಾಗಿದೆ, ಮುಟ್ಟಬೇಡಿ. ಏಳೆಂಟು ಸಲ ಅಲ್ಲೇ ತಲೆ ಚಚ್ಚಿಕೊಂಡರೆ ಬೇರೆ ದಾರಿಯಿದೆ ಎಂಬುದೇ ಅವರಿಗೆ ಕಂಡಿಲ್ಲ. ಸತ್ತ ಕೂಡಲೇ ಒಂದೇ ಪ್ರಶ್ನೆ ಕೇಳಿ, ಯಾಕೆ ಸತ್ತಿರಿ? "ಆ ದೊಡ್ಡವನು ಕೈ ಎತ್ತಿದಾಗ ನಾನು ದುರಾಸೆ ಮಾಡಿದೆ" ಎಂದರೆ ಬಿಟ್ಟುಬಿಡಿ. "ಗೊತ್ತಾಗ್ಲೇ ಇಲ್ಲ" ಎಂದರೆ ತಿದ್ದಬೇಕಾದದ್ದು ಹೆಲ್ತಿನ ಅಂಕಿಯಲ್ಲ.

ತಿದ್ದುವಾಗ ಮೊದಲು ಕಾಣುವಿಕೆ ತಿದ್ದಿ: ಮರ ತೆಗೆಯಿರಿ, ಬೆಳಕು ಬದಲಿಸಿ, ಸದ್ದು ಸೇರಿಸಿ. ಅದರಿಂದಾಗದಿದ್ದರೆ ಶತ್ರುವಿನ ಜಾಗ ಸರಿಸಿ. ಅಂಕಿ ಮುಟ್ಟುವುದು ಕೊನೆಗೆ, ಅದೂ ಒಂದು ಸಲಕ್ಕೆ ಒಂದೇ ಅಂಕಿ, ಶೇ. 10ರಿಂದ 15ರಷ್ಟು. ಒಂದೇ ದಿನ ಪದವಿನ ಏಟು, ಕವಚದ ಸೂತ್ರ, ಟೋಕನ್ ಮೂರನ್ನೂ ಬದಲಿಸಿದರೆ ಮುಂದಿನ ಆರು ಜನರ ಫೈಲುಗಳಿಂದ ಯಾವುದು ಕೆಲಸ ಮಾಡಿತೆಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಎರಡನೇ ಸುತ್ತಿಗೆ ಹೊಸ ಆರು ಜನ ಬೇಕು, ಹಳಬರಿಗೆ ದಾರಿ ಗೊತ್ತಾಗಿರುತ್ತದೆ.